ಎರೆ ಮಣ್ಣಿನ ಊರಿನಿಂದ ಐಸ್‌ಲ್ಯಾಂಡಿಗೆ

ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದಷ್ಟು ವರ್ಷವೂ ಒಂದು ವಾಕ್ಯ ನನ್ನ ಬಾಯಲ್ಲಿ ಇದ್ದೇ ಇತ್ತು. 'ದಖ್ಖನ್ ಪ್ರಸ್ಥಭೂಮಿಯ ಕಪ್ಪು ಮಣ್ಣು ಲಾವಾರಸದ ಕಲ್ಲು ಸವೆದು ಉಂಟಾಗಿದೆ.' ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು. ವಿಜಯಪುರ ಜಿಲ್ಲೆಯ ಮಕ್ಕಳು ಅವರು. ಆ ಮಣ್ಣನ್ನು ತುಳಿದೇ ಶಾಲೆಗೆ ಬರುತ್ತಿದ್ದರು. ಮಳೆ ಬಂದರೆ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೂ ಕಷ್ಟ ಆಗುವ ಮಣ್ಣು. 'ಕಲ್ಲು ಹೆಂಗ ಮಣ್ಣಾಗ್ತದ ಅಕ್ಕೋರೆ?' ಎಂದು ಯಾರಾದರೂ ಕೇಳಿದರೆ ಪುಸ್ತಕದಲ್ಲಿ ಇದ್ದದ್ದನ್ನು ಹೇಳುತ್ತಿದ್ದೆ. ಹೇಳುವಾಗಲೆಲ್ಲ ಅನ್ನಿಸುತ್ತಿತ್ತು, ಇದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಎಂದು.

ಲಾವಾ ಇನ್ನೂ ಮಣ್ಣಾಗದೆ ಕಲ್ಲಾಗಿಯೇ ಬಿದ್ದಿರುವ ನಾಡು ಐಸ್‌ಲ್ಯಾಂಡ್. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಜನ ನಾಲ್ಕು ಲಕ್ಷಕ್ಕೂ ಕಡಿಮೆ. ನಿವೃತ್ತಿಯಾದ ಮೇಲೆ ಅಣ್ಣನ ಮಗ ಬೆಂಗಳೂರಿನಿಂದ ಹೊರಡುವ ಒಂದು ಗುಂಪು ಪ್ರವಾಸ ಹುಡುಕಿಕೊಟ್ಟ. ಜೊತೆಗೆ ವೈನಿ (ಅತ್ತಿಗೆ) ಬಂದರು. ಅಣ್ಣ ತೀರಿಕೊಂಡ ಮೇಲೆ ಬಸವನ ಬಾಗೇವಾಡಿ ಹತ್ತಿರದ ನಮ್ಮ ಹೊಲವನ್ನು ಅವರೇ ನೋಡಿಕೊಳ್ಳುತ್ತಾರೆ. ಯಾವ ಊರಿಗೆ ಹೋದರೂ ಮೊದಲು ನೆಲ ನೋಡುವ ಹೆಂಗಸು. ನನಗೆ ಇದಕ್ಕಿಂತ ಒಳ್ಳೆ ಜೊತೆ ಸಿಗುತ್ತಿರಲಿಲ್ಲ.

ಗುಂಪಿನಲ್ಲಿ ಹೋದರೆ ಏನೂ ನೋಡಲು ಆಗುವುದಿಲ್ಲ, ಸುಮ್ನೆ ಬಸ್ಸು ಹತ್ತುವುದು ಇಳಿಯುವುದು ಅಷ್ಟೇ ಎನ್ನುವವರು ಬಹಳ ಜನ. ಕೆಲವು ಪ್ರವಾಸಗಳಿಗೆ ಆ ಮಾತು ಸರಿ ಇರಬಹುದು. ಐಸ್‌ಲ್ಯಾಂಡಿಗೆ ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ನೆಲವನ್ನು ಓದಿ ಹೇಳುವವರು ಬೇಕು. ರೇಕ್ಯಾವಿಕ್‌ನಲ್ಲಿ ಬಸ್ಸು ಹತ್ತಿದ ನಮ್ಮ ಗೈಡ್ ಅಲ್ಲಿಯವರೇ, ಭೂವಿಜ್ಞಾನ ಓದಿದ ಹೆಣ್ಣುಮಗಳು. ಅವರಿಗೆ ಮನೆತನದ ಹೆಸರು ಇಲ್ಲ. ಅಪ್ಪನ ಹೆಸರಿನ ಮುಂದೆ 'ಮಗಳು' ಎಂದು ಸೇರಿಸಿಕೊಂಡರೆ ಮುಗಿಯಿತು. ಹಾಗಾಗಿ ಆ ದೇಶದಲ್ಲಿ ಪ್ರಧಾನಮಂತ್ರಿಯನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರಂತೆ. ಅಪ್ಪನ ಹೆಸರಿನ ಇನಿಷಿಯಲ್ ಹಾಕಿಕೊಂಡಿರುವ ನಮ್ಮ ಬಸ್ಸಿನ ಬೆಂಗಳೂರಿನವರಿಗೆ ಇದು ತಕ್ಷಣ ಅರ್ಥವಾಯಿತು.

ಮೊದಲ ದಿನದ ಜಾಗಗಳು ಎಲ್ಲರಿಗೂ ಗೊತ್ತಿರುವಂಥವು. ಥಿಂಗ್ವೆಟ್ಲಿರ್‌ನಲ್ಲಿ ಕರಿ ಕಲ್ಲಿನ ಎರಡು ಗೋಡೆಗಳ ನಡುವೆ ನಡೆದೆವು. ಭೂಮಿಯ ಹೊರಪದರದ ಎರಡು ದೊಡ್ಡ ತುಂಡುಗಳು, ಉತ್ತರ ಅಮೆರಿಕದ ಫಲಕ ಒಂದು ಕಡೆಗೆ, ಯುರೇಷಿಯಾದ ಫಲಕ ಇನ್ನೊಂದು ಕಡೆಗೆ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಸರಿಯುತ್ತಿವೆ. ನಡುವಿನ ನೆಲ ಕುಸಿಯುತ್ತಿದೆ. ಕ್ರಿ.ಶ. 930ರಲ್ಲಿ ಇಡೀ ನಾಡಿನ ಜನ ಸಭೆ ಸೇರಲು ಆರಿಸಿಕೊಂಡದ್ದು ಇದೇ ಬಿರುಕನ್ನು. 1944ರಲ್ಲಿ ಗಣರಾಜ್ಯ ಘೋಷಿಸಿದ್ದೂ ಇಲ್ಲೇ. ಆಮೇಲೆ ಗೇಸಿರ್ ಬಯಲಿಗೆ ಹೋದೆವು. ಅಲ್ಲಿ ಸ್ಟ್ರೊಕ್ಕುರ್ ಎಂಬ ಬಿಸಿನೀರಿನ ಬುಗ್ಗೆ ಕೆಲವೇ ನಿಮಿಷಕ್ಕೊಮ್ಮೆ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮುವ ಮೊದಲು ನೀರು ನೀಲಿ ಗುಳ್ಳೆಯಾಗಿ ಉಬ್ಬುತ್ತದೆ. ಫೋಟೊ ಬಿಟ್ಟು ಆ ಉಬ್ಬನ್ನು ನೋಡಿ. ಗುಲ್‌ಫಾಸ್ ಜಲಪಾತದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ವೈನಿ ಅವತ್ತೆಲ್ಲ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಊಟಕ್ಕೆ ಕೂತಾಗ ಕೇಳಿದರು, 'ಬರೇ ಕಲ್ಲ ಐತಲ್ಲ ಇಲ್ಲಿ. ಈ ಮಂದಿ ಏನ್ ಬಿತ್ತತಾರ?' ನಾನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ನಮ್ಮ ಮೇಜಿಗೇ ಬಂದು ಕೂತರು. ಹುಲ್ಲೇ ಇಲ್ಲಿಯ ದೊಡ್ಡ ಬೆಳೆ ಎಂದರು. ಬೇಸಿಗೆಯಲ್ಲಿ ಕೊಯ್ದು ಸುರುಳಿ ಸುತ್ತಿ ಚಳಿಗಾಲಕ್ಕೆ ಇಡುತ್ತಾರೆ, ಕುರಿ, ದನ, ಕುದುರೆಗಳಿಗೆ. ಸ್ವಲ್ಪ ಬಾರ್ಲಿ, ಆಲೂಗಡ್ಡೆ. ಟೊಮ್ಯಾಟೊ, ಸೌತೆಕಾಯಿ ಎಲ್ಲ ಗಾಜಿನ ಮನೆಯೊಳಗೆ, ನೆಲದ ಬಿಸಿನೀರಿನ ಶಾಖದಲ್ಲಿ. ಅವತ್ತಿನಿಂದ ಪ್ರವಾಸ ಮುಗಿಯುವವರೆಗೂ ಆ ಇಬ್ಬರ ಮಾತು ನಿಲ್ಲಲಿಲ್ಲ. ನಡುವೆ ನಾನು ದುಭಾಷಿ.

ಎರಡನೇ ದಿನ ದಕ್ಷಿಣದ ಕರಾವಳಿ ದಾರಿ ಹಿಡಿದೆವು. ಎಡಗಡೆ ಎಯ್ಯಾಫ್ಯಾಟ್ಲಾಯೋಕುಲ್ ಜ್ವಾಲಾಮುಖಿ ಮೋಡದೊಳಗೆ ಇತ್ತು. 2010ರ ಏಪ್ರಿಲ್‌ನಲ್ಲಿ ಇದರ ಬೂದಿಯಿಂದಲೇ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತುಹೋದವು, ನೆನಪಿದೆಯಲ್ವಾ? ನಮಗೆಲ್ಲ ಅದು ವಿಮಾನದ ಸುದ್ದಿಯಾಗಿತ್ತು. ಕೆಳಗಿನ ರೈತರಿಗೆ ಅದು ಹೊಲದ ಮೇಲೆ ಬಿದ್ದ ಬೂದಿ. ಹಗಲಲ್ಲೇ ಕತ್ತಲೆ. ಬೂದಿ ಬಿದ್ದ ಹುಲ್ಲು ತಿಂದರೆ ಫ್ಲೋರೈಡ್ ವಿಷವಾಗುತ್ತದೆ ಎಂದು ದನಗಳನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಂಡರು.

ಸೋಲ್‌ಹೈಮಯೋಕುಲ್ ಹಿಮನದಿಯ ಮೇಲೆ ನಡೆದದ್ದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಹಿಮನದಿ ಎಂದರೆ ಬೆಳ್ಳಗೆ ಇರುತ್ತದೆ ಎಂದುಕೊಂಡು ಹೋಗುತ್ತೇವೆ. ಇದರ ಅಂಚು ಕಪ್ಪು. ಹಳೆಯ ಸ್ಫೋಟಗಳ ಬೂದಿ ಹಿಮದೊಳಗೆ ಪದರ ಪದರವಾಗಿ ಸಿಕ್ಕಿಕೊಂಡಿದೆ. ಹಿಮ ಕರಗಿದಾಗ ಅದು ಮೇಲೆ ಬಂದು ಕೂರುತ್ತದೆ. ಬೂಟಿಗೆ ಕಬ್ಬಿಣದ ಹಲ್ಲು ಕಟ್ಟಿ, ಕೈಗೆ ಹಿಮಗೊಡಲಿ ಕೊಟ್ಟು, ಸಾಲಾಗಿ ನಡೆಸುತ್ತಾರೆ. ಕಾಲು ಅಗಲಿಸಿ, ಪಾದ ಪೂರ್ತಿ ಊರಿ ನಡೆಯಬೇಕು. ಅಲ್ಲಲ್ಲಿ ಕಪ್ಪು ಗೋಪುರಗಳು ನಿಂತಿದ್ದವು, ಸೊಂಟದೆತ್ತರದವು. ಮೇಲಿನ ಬೂದಿ ಕೆರೆದರೆ ಒಳಗೆ ಗಟ್ಟಿ ಹಿಮ. ಬೂದಿ ತೆಳ್ಳಗಿದ್ದರೆ ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ, ದಪ್ಪಗಿದ್ದರೆ ಬಿಸಿಲು ತಾಗದಂತೆ ಕಾಪಾಡುತ್ತದೆ. ಸುತ್ತಲಿನ ಹಿಮ ಇಳಿದು ಇದು ಗೋಪುರವಾಗಿ ಉಳಿಯುತ್ತದೆ. ಹೀಗೆ ಒಂದೇ ವಸ್ತು ಎರಡು ಕೆಲಸ ಮಾಡುವುದನ್ನು ಪಾಠದಲ್ಲಿ ಹೇಳುವುದೇ ಬೇರೆ, ಕೈಯಿಂದ ಕೆರೆದು ನೋಡುವುದೇ ಬೇರೆ.

ಈ ಹಿಮನದಿ ಇಳಿದು ಬರುವುದು ಮೀರ್‌ಡಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮಹಾಸಿನಿಂದ. ಅದರ ಕೆಳಗೆ ಕಾಟ್ಲಾ ಜ್ವಾಲಾಮುಖಿ ಇದೆ. ಅದರ ಕೊನೆಯ ದೊಡ್ಡ ಸ್ಫೋಟ 1918ರಲ್ಲಿ. ನಾವು ನಿಂತಿದ್ದು ಬೆಂಕಿಯ ಮೇಲಿನ ಹಿಮದ ತುದಿಯಲ್ಲಿ.

ವೈನಿಗೆ ಮೊಣಕಾಲು ನೋವು, ಹಾಗಾಗಿ ಅವರು ಹಿಮದ ಮೇಲೆ ಬರಲಿಲ್ಲ. ಕೆಳಗಿನ ಕೆರೆಯ ದಂಡೆಯಲ್ಲಿ ನಮಗಾಗಿ ಕಾದರು. ಹಿಂದೆ ಆ ಕೆರೆ ಇರಲೇ ಇಲ್ಲ, ಅಲ್ಲೆಲ್ಲ ಹಿಮನದಿಯೇ ಇತ್ತು. ಹತ್ತಿರದ ಹ್ವೊಲ್ಸ್‌ವೊಟ್ಲುರ್ ಊರಿನ ಶಾಲೆಯ ಮಕ್ಕಳು 2010ರಿಂದ ಪ್ರತಿ ವರ್ಷ ಶರತ್ಕಾಲದಲ್ಲಿ ಬಂದು ಹಿಮನದಿ ಎಷ್ಟು ಹಿಂದೆ ಸರಿಯಿತು ಎಂದು ಅಳೆಯುತ್ತಾರೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳು. ನೂರಾರು ಮೀಟರ್ ಸರಿದಿದೆ. ಈಗ ಹಿಮದ ತುದಿ ಮುಟ್ಟಲು ನೀರು ದಾಟಬೇಕು, ಹಾಗಾಗಿ ದೋಣಿ ತರುತ್ತಾರೆ. ಇದನ್ನು ಕೇಳಿ ನನ್ನ ಗಂಟಲು ಕಟ್ಟಿತು. ಆ ಮಕ್ಕಳ ಭೂಗೋಳ ಪಾಠ ಅದು. ಒಂದು ತರಗತಿ ಅಳೆದದ್ದನ್ನು ಮುಂದಿನ ತರಗತಿ ಮುಂದುವರಿಸುತ್ತದೆ. ನಮ್ಮ ಶಾಲೆಯ ಹಿಂದೆಯೇ ಹಳ್ಳ ಇತ್ತು, ಎದುರಿಗೆ ತೆರೆದ ಬಾವಿ ಇತ್ತು. ಈಗ ಪಾಠ ಮಾಡುತ್ತಿರುವ ಟೀಚರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಬಾವಿಯ ನೀರಿನ ಮಟ್ಟವನ್ನಾದರೂ ಮಕ್ಕಳಿಂದ ವರ್ಷ ವರ್ಷ ಅಳೆಸಿ, ಬರೆದಿಡಿಸಿ.

ರೆಯ್ನಿಸ್‌ಫ್ಯಾರಾ ಎಂಬ ಕಪ್ಪು ಮರಳಿನ ಕಡಲತೀರದಲ್ಲಿ ಗೈಡ್ ಮೊದಲ ಸಲ ಗಟ್ಟಿ ದನಿ ತೆಗೆದರು. ಸಮುದ್ರಕ್ಕೆ ಬೆನ್ನು ಹಾಕಬೇಡಿ. ಒದ್ದೆ ಮರಳಿನ ಗೆರೆ ದಾಟಬೇಡಿ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ದೊಡ್ಡದೊಂದು ಬಂದು ಎಳೆದುಕೊಂಡು ಹೋಗುತ್ತದೆ. ಪ್ರವಾಸಿಗಳು ಸತ್ತಿದ್ದಾರೆ. ಅಲ್ಲಿ ಆರು ಮುಖದ ಕಂಬಗಳನ್ನು ಜೋಡಿಸಿಟ್ಟ ಹಾಗೆ ಗುಡ್ಡವೇ ನಿಂತಿದೆ. ಲಾವಾ ನಿಧಾನವಾಗಿ ತಣಿದು ಕುಗ್ಗುವಾಗ ಹೀಗೆ ಬಿರುಕು ಬಿಡುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥದೇ ಕಂಬಗಳನ್ನು ನೋಡಿರುತ್ತಾರೆ. ಅವು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, ಎಂಟು ಕೋಟಿ ವರ್ಷಕ್ಕೂ ಹಳೆಯವು.

ಅಲ್ಲಿ ವೈನಿ ಒಂದು ಹಿಡಿ ಕಪ್ಪು ಮರಳು ತೆಗೆದು ಬೆರಳಲ್ಲಿ ತಿಕ್ಕಿದರು. ಸ್ವಲ್ಪ ನೀರು ಹಾಕಿ ಮತ್ತೆ ತಿಕ್ಕಿದರು. 'ಬಣ್ಣ ಅಷ್ಟ ನಮ್ಮ ಮಣ್ಣಿಂದು. ಜಿಗಿ ಇಲ್ಲ ಇದರಾಗ' ಎಂದರು. ಗೈಡ್‌ಗೆ ಹೇಳಿದಾಗ ಅವರ ಮುಖ ಅರಳಿತು. ಇಡೀ ಪ್ರವಾಸದಲ್ಲಿ ಯಾರೂ ಕೇಳದ ವಿಷಯ ಇದು ಎಂದು ಅಲ್ಲೇ ನಿಂತು ವಿವರಿಸಿದರು. ಇದು ಪುಡಿಯಾದ ಕಲ್ಲು ಮತ್ತು ಜ್ವಾಲಾಮುಖಿಯ ಗಾಜು. ಇದಕ್ಕೆ ಅಂಟು ಬರಬೇಕಾದರೆ ಕಲ್ಲಿನ ಖನಿಜಗಳು ಬದಲಾಗಿ ಜೇಡಿಯಾಗಬೇಕು. ಅದಕ್ಕೆ ಶಾಖ ಬೇಕು, ನೀರು ಬೇಕು, ಬಹಳ ಕಾಲ ಬೇಕು. ಐಸ್‌ಲ್ಯಾಂಡಿನಲ್ಲಿ ನೀರು ಬೇಕಾದಷ್ಟಿದೆ. ಶಾಖ ಇಲ್ಲ, ಕಾಲ ಇನ್ನೂ ಆಗಿಲ್ಲ. ನಮ್ಮ ಎರೆ ಮಣ್ಣಿನ ಜಿಗಿ, ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿಯುವುದು, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುವುದು ಎಲ್ಲ ಆ ಜೇಡಿಯ ಗುಣ. ಆ ಜೇಡಿಯೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿ ಜೋಳ ಬರೀ ಒಳಗಿನ ತೇವದಲ್ಲೇ ಬೆಳೆಯುತ್ತದೆ.

ಇನ್ನು ಎಲ್ಡ್‌ಹ್ರೌನ್. ನಾನು ಹೋದದ್ದು ಇದಕ್ಕೇ ಎಂದು ಅಲ್ಲಿ ಇಳಿದ ಮೇಲೆ ಗೊತ್ತಾಯಿತು. ರಸ್ತೆಯ ಎರಡೂ ಬದಿ ಕಣ್ಣು ಹೋಗುವವರೆಗೆ ಲಾವಾ ಗುಡ್ಡೆಗಳು. ಅದರ ಮೇಲೆಲ್ಲ ಬೂದುಹಸಿರು ಪಾಚಿ, ಕೌದಿ ಹೊದಿಸಿದ ಹಾಗೆ ಮೆತ್ತಗೆ, ದಪ್ಪಗೆ. 1783ರ ಜೂನ್ 8ರಂದು ಇದರ ಉತ್ತರದಲ್ಲಿ ಲಾಕಿ ಎಂಬಲ್ಲಿ ನೆಲ ಸೀಳಿತು. ಸೀಳು ಸುಮಾರು 27 ಕಿ.ಮೀ. ಉದ್ದ. ಎಂಟು ತಿಂಗಳು ಲಾವಾ ಹರಿಯಿತು. ಸುಮಾರು 600 ಚದರ ಕಿ.ಮೀ. ನೆಲ ಮುಚ್ಚಿತು. ಲಾವಾಕ್ಕಿಂತ ಕೆಟ್ಟದ್ದು ಅದರ ಹೊಗೆ. ಹುಲ್ಲು ವಿಷವಾಯಿತು. ಕುರಿಗಳಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸತ್ತವು. ಆಮೇಲೆ ಬಂದ ಬರಗಾಲದಲ್ಲಿ ಐದರಲ್ಲಿ ಒಬ್ಬರಂತೆ ಜನ ಸತ್ತರು. ಆ ಗಂಧಕದ ಮಬ್ಬು ಯುರೋಪಿನ ಮೇಲೆಲ್ಲ ಹರಡಿತು. ಅದು ಆ ವರ್ಷ ಭಾರತದ ಮುಂಗಾರನ್ನೂ ದುರ್ಬಲಗೊಳಿಸಿತು ಎಂದು ಹೇಳುವ ಸಂಶೋಧಕರಿದ್ದಾರೆ.

ಪಕ್ಕದ ಊರಿನ ಪಾದ್ರಿ ಯೋನ್ ಸ್ಟೈನ್‌ಗ್ರಿಮ್ಸನ್ 1783ರ ಜುಲೈ 20ರಂದು ಚರ್ಚಿನಲ್ಲಿ ಜನರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸಿದರು. ಹೊರಗೆ ಬಂದು ನೋಡಿದಾಗ ಲಾವಾ ಊರಿನ ಕಡೆ ಬರುವುದು ನಿಂತಿತ್ತು. ಇವತ್ತಿಗೂ ಜನ ಅವರನ್ನು ಬೆಂಕಿಯ ಪಾದ್ರಿ ಎನ್ನುತ್ತಾರೆ. ನನಗೆ ಅವರ ಇನ್ನೊಂದು ಕೆಲಸ ದೊಡ್ಡದು ಅನ್ನಿಸಿತು. ಆ ತಿಂಗಳುಗಳಲ್ಲಿ ಕಂಡದ್ದನ್ನೆಲ್ಲ ಅವರು ಬರೆದಿಟ್ಟರು. ಲಾವಾ ಎಲ್ಲೆಲ್ಲಿ ಹರಿಯಿತು, ಪ್ರಾಣಿಗಳ ಮೈಗೆ ಏನಾಯಿತು, ಎಲ್ಲವೂ. ಜ್ವಾಲಾಮುಖಿ ತಜ್ಞರು ಈಗಲೂ ಆ ಬರಹವನ್ನು ಬಳಸುತ್ತಾರೆ.

ಪಾಚಿಯ ಮೇಲೆ ಕಾಲಿಡಬಾರದು, ಗುರುತು ಮಾಡಿದ ದಾರಿಯಲ್ಲೇ ನಡೆಯಬೇಕು. ಒಂದು ಹೆಜ್ಜೆಯ ಗಾಯ ಮಾಯಲು ದಶಕಗಳು ಬೇಕು. ಪಾಚಿಗೆ ಬೇರಿಲ್ಲ, ಮಣ್ಣು ಬೇಕಾಗಿಲ್ಲ. ಮಳೆ, ಮಂಜಿನಲ್ಲೇ ಬದುಕುತ್ತದೆ. ಗಾಳಿಯಲ್ಲಿ ಬಂದ ಬೂದಿಯ ಧೂಳನ್ನು ಹಿಡಿದುಕೊಳ್ಳುತ್ತದೆ. ಅದರ ಸತ್ತ ಭಾಗ ಆ ಧೂಳಿಗೆ ಸೇರುತ್ತದೆ. ಹೀಗೆ ಮಣ್ಣು ಹುಟ್ಟುತ್ತದೆ. ದಾರಿಯ ಅಂಚಿನಲ್ಲಿ ಪಾಚಿ ಕಿತ್ತುಹೋದ ಒಂದು ಕಡೆ ನಾನು ಮೊಣಕಾಲೂರಿ ನೋಡಿದೆ. ಅದರ ಕೆಳಗೆ ಬೆರಳಿಗೆ ಅಂಟುವಷ್ಟು ಕಂದು ಪುಡಿ. ಅದರ ಕೆಳಗೆ ಬರೀ ಕಲ್ಲು. 240 ವರ್ಷದ ಕೆಲಸ ಅಷ್ಟು.

ನಮ್ಮ ಹೊಲದಲ್ಲಿ ಬಾವಿ ತೋಡಿಸಿದ್ದು ವೈನಿಗೆ ನೆನಪಾಯಿತು. ಮೇಲೆ ಎರಡಾಳುದ್ದ ಎರೆ, ಆಮೇಲೆ ಗರಸು, ಆಮೇಲೆ ಸುತ್ತಿಗೆಗೆ ಜಗ್ಗದ ಕರಿಕಲ್ಲು. ನಮ್ಮ ಆ ಕರಿಕಲ್ಲು ಹರಿದು ಬಿದ್ದು ಸುಮಾರು 6 ಕೋಟಿ 60 ಲಕ್ಷ ವರ್ಷವಾಯಿತು. ನಾನು ಲೆಕ್ಕ ಹೇಳಿದೆ. ವೈನಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಂಥ ಮಣ್ಣ ಇಟ್ಟಂಗಿ ಭಟ್ಟಿಗೆ ಮಾರತಾರ ನೋಡ ನಮ್ಮ ಮಂದಿ' ಎಂದರು.

ಅವತ್ತು ಮಣ್ಣೆತ್ತಿನ ಅಮಾವಾಸ್ಯೆ ಬೇರೆ. ರಾತ್ರಿ ಹೋಟೆಲಿನಲ್ಲಿ ಫೋನಿಗೆ ಮನೆಯಿಂದ ಫೋಟೊ ಬಂತು. ಎರೆ ಮಣ್ಣಿನ ಜೋಡೆತ್ತು, ಕೊಂಬಿಗೆ ಬಣ್ಣ, ಮುಂದೆ ಕಡುಬು. ವೈನಿ ಅದನ್ನು ಗೈಡ್‌ಗೆ ತೋರಿಸಿದರು. ಎತ್ತಿನ ಪೂಜೆಗಿಂತ ಮಣ್ಣು ಹಾಗೆ ನಿಂತಿರುವುದೇ ಅವರಿಗೆ ಆಶ್ಚರ್ಯ. ತಮ್ಮ ಮಣ್ಣಿನಲ್ಲಿ ಈ ಎತ್ತು ಮಾಡಿದರೆ ಒಣಗುತ್ತಲೇ ಉದುರಿಹೋಗುತ್ತದೆ ಎಂದರು.

ಹಾಗೆ ಉದುರುವ ಗುಣವೇ ಆ ನಾಡಿಗೆ ದೊಡ್ಡ ಕಷ್ಟ ತಂದಿದೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಜನ ಬಂದು ನೆಲೆಸಿದಾಗ ದ್ವೀಪದ ಕಾಲು ಭಾಗವಾದರೂ ಬರ್ಚ್ ಕಾಡು ಇತ್ತು. ಸೌದೆಗೆ, ಇದ್ದಿಲಿಗೆ ಕಡಿದರು. ಕುರಿ ಮೇಯಿಸಿದರು. ಬೇರು ಹೋದ ಮೇಲೆ ಆ ಹಗುರ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಯಿತು. ಇಪ್ಪತ್ತನೇ ಶತಮಾನದ ಹೊತ್ತಿಗೆ ಕಾಡು ಶೇ 1ರಷ್ಟೇ ಉಳಿದಿತ್ತು. ಮರಳು ಬಂದು ಹೊಲಮನೆ ಮುಚ್ಚುವುದನ್ನು ತಡೆಯಲು 1907ರಲ್ಲೇ ಸರ್ಕಾರ ಮಣ್ಣು ಉಳಿಸುವ ಇಲಾಖೆ ಮಾಡಿತು. ಜಗತ್ತಿನಲ್ಲಿ ಇಂಥ ಹಳೆಯ ಇಲಾಖೆಗಳಲ್ಲಿ ಅದೂ ಒಂದು.

ದಾರಿಯುದ್ದಕ್ಕೂ ಕಂಡ ನೇರಳೆ ಹೂವಿನ ಬಯಲುಗಳ ಕಥೆಯೂ ಇದೇ. ಜೂನ್ ಕೊನೆಯಲ್ಲಿ ಹೋದರೆ ಎಲ್ಲ ಕಡೆ ಲೂಪಿನ್. ಬಸ್ಸಿನಲ್ಲಿದ್ದ ಎಲ್ಲರೂ ಅದರ ನಡುವೆ ನಿಂತು ಫೋಟೊ ತೆಗೆಸಿಕೊಂಡರು. ಅದು ಅಲ್ಲಿಯ ಗಿಡವಲ್ಲ. 1945ರಲ್ಲಿ ಅಲಾಸ್ಕದಿಂದ ತಂದದ್ದು. ನಮ್ಮ ತೊಗರಿ, ಕಡಲೆಯ ಜಾತಿ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ಬರಡು ನೆಲಕ್ಕೆ ಕೊಡುತ್ತದೆ. ಮರಳನ್ನು ನಿಲ್ಲಿಸುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಪಾಚಿ, ಕಾಡುಹಣ್ಣಿನ ಕುರುಚಲು ಗಿಡಗಳ ಮೇಲೂ ಹಬ್ಬಿ ಅವನ್ನು ನುಂಗುತ್ತದೆ. ನಮ್ಮ ಗೈಡ್‌ಗೆ ಲೂಪಿನ್ ಕಂಡರೆ ಸಿಟ್ಟು. ವಯಸ್ಸಾದ ಡ್ರೈವರ್‌ಗೆ ಅದರ ಮೇಲೆ ಪ್ರೀತಿ, ಚಿಕ್ಕಂದಿನಲ್ಲಿ ಮರಳಿನ ಬಿರುಗಾಳಿ ಕಂಡವರು ಅವರು. ಇಬ್ಬರೂ ಮೈಕಿನಲ್ಲೇ ವಾದ ಮಾಡಿದರು. ವೈನಿ ಡ್ರೈವರ್ ಕಡೆ. ನನಗೆ ಗೈಡ್ ಹೇಳಿದ್ದೂ ಸರಿ ಅನ್ನಿಸುತ್ತದೆ. ಎಲ್ಡ್‌ಹ್ರೌನ್‌ನ ಆ ಪಾಚಿಯ ಮೇಲೆ ಲೂಪಿನ್ ಹಬ್ಬಿದರೆ ನೋಡಲು ನನ್ನಿಂದ ಆಗುವುದಿಲ್ಲ.

ಮುಂದೆ ಸ್ಕೇಯ್ದರಾರ್‌ಸಾಂಡುರ್ ಎಂಬ ಮರಳು ಬಯಲು. ರಸ್ತೆ ಪಕ್ಕ ತಿರುಚಿಕೊಂಡ ಎರಡು ಉಕ್ಕಿನ ತೊಲೆಗಳನ್ನು ಹಾಗೇ ಇಟ್ಟಿದ್ದಾರೆ. 1996ರಲ್ಲಿ ವಾಟ್ನಯೋಕುಲ್ ಹಿಮಹಾಸಿನ ಕೆಳಗೆ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ವಾರಗಟ್ಟಲೆ ಒಳಗೇ ತುಂಬಿ, ನವೆಂಬರ್‌ನಲ್ಲಿ ಒಮ್ಮೆಲೇ ಹೊರಬಂತು. ಮನೆಯಷ್ಟು ದೊಡ್ಡ ಹಿಮಗಡ್ಡೆಗಳು ತೇಲಿಬಂದು ಸೇತುವೆ ಒಡೆದವು. ವಿಜ್ಞಾನಿಗಳು ಕಾದು ಕೂತಿದ್ದರು, ರಸ್ತೆ ಮುಚ್ಚಿದ್ದರು, ಯಾರೂ ಸಾಯಲಿಲ್ಲ. ಆ ವಾಟ್ನಯೋಕುಲ್ ನಮ್ಮ ವಿಜಯಪುರ ಜಿಲ್ಲೆಯ ಮುಕ್ಕಾಲು ಭಾಗದಷ್ಟು ದೊಡ್ಡದು. ಅದರದ್ದೇ ಒಂದು ನಾಲಿಗೆ ಕರಗಿ ಯೋಕುಲ್‌ಸಾರ್‌ಲೋನ್ ಸರೋವರವಾಗಿದೆ. 1930ರ ದಶಕದಲ್ಲಿ ಮೂಡಲು ಶುರುವಾದ ಈ ಸರೋವರ ಈಗ ಆ ದೇಶದಲ್ಲೇ ಅತಿ ಆಳದ್ದು. ದೋಣಿಯಲ್ಲಿ ಒಂದು ತುಂಡು ಹಿಮ ಕೈಗೆ ಕೊಟ್ಟರು. ಗುಳ್ಳೆಯಿಲ್ಲದ ಸ್ವಚ್ಛ ಹಿಮ. ಬಹಳ ಚೆಂದದ ಜಾಗ. ಜನವೂ ಬಹಳ.

ಕೊನೆಯ ದಿನ ರೇಕ್ಯಾನೆಸ್ ಕಡೆ ಬಂದೆವು. 2023ರ ನವೆಂಬರ್ 10ರ ರಾತ್ರಿ ಗ್ರಿಂಡಾವಿಕ್ ಊರನ್ನು ಪೂರ್ತಿ ಖಾಲಿ ಮಾಡಿಸಿದರು. 2024ರ ಜನವರಿಯಲ್ಲಿ ಲಾವಾ ಊರೊಳಗೆ ಬಂದು ಮೂರು ಮನೆ ಸುಟ್ಟಿತು. ಹೊಸ ಲಾವಾದ ಮೇಲೆಯೇ ಮಣ್ಣು ಹಾಕಿ ರಸ್ತೆ ಮಾಡಿದ್ದಾರೆ. ಎರಡೂ ಕಡೆ ಇದ್ದಿಲಿನ ಬಣ್ಣದ, ಚೂಪು ಅಂಚಿನ ಕಲ್ಲು. ಪಾಚಿಯ ಒಂದು ಚುಕ್ಕೆ ಇಲ್ಲ. ಅಣ್ಣನ ಮೊಮ್ಮಗನಿಗಿಂತ ಚಿಕ್ಕ ವಯಸ್ಸಿನ ಕಲ್ಲು. ಬೆಂಗಳೂರಿನ ಒಬ್ಬರು, ಮನೆ ಕಳೆದುಕೊಂಡವರ ಜಾಗ ಇದು ಎಂದು ಫೋಟೊ ತೆಗೆಯದೆ ಕೂತರು. ಅದು ನನಗೆ ಹಿಡಿಸಿತು.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಜೂನ್‌ನಲ್ಲಿ ಅರ್ಧರಾತ್ರಿಗೆ ಸೂರ್ಯ ಮುಳುಗಿ ಮೂರು ಗಂಟೆಗೆ ಮತ್ತೆ ಹುಟ್ಟುತ್ತಾನೆ, ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಇಟ್ಟುಕೊಳ್ಳಿ. ಸ್ವೆಟರ್‌ಗಿಂತ ಗಾಳಿ, ಮಳೆ ತಡೆಯುವ ಜಾಕೆಟ್ ಮುಖ್ಯ, ಕೊಡೆ ನಿಲ್ಲುವುದೇ ಇಲ್ಲ. ಸ್ನಾನದ ಬಿಸಿನೀರಿಗೆ ಗಂಧಕದ ವಾಸನೆ ಇರುತ್ತದೆ, ಅದು ನೆಲದಿಂದಲೇ ಬರುವ ನೀರು, ಹೆದರಬೇಡಿ. ಶಾಕಾಹಾರಿಗಳು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಸ್ಕೀರ್ ಎಂಬ ಅಲ್ಲಿಯ ಗಟ್ಟಿ ಮೊಸರಿನ ಜೊತೆ ಬಹಳ ಚೆನ್ನಾಗಿರುತ್ತದೆ. ಹಿಮನದಿ ನಡಿಗೆಗೆ ಮೊಣಕಾಲು ಗಟ್ಟಿ ಇದ್ದರೆ ಸಾಕು, ವಯಸ್ಸು ಅಡ್ಡಿಯಲ್ಲ.

ಇನ್ನೊಂದು. ದುಡ್ಡು ಕಟ್ಟುವ ಮೊದಲು ಎಲ್ಡ್‌ಹ್ರೌನ್‌ನಲ್ಲಿ ಬಸ್ಸು ನಿಲ್ಲುತ್ತದೆಯೇ ಎಂದು ಕೇಳಿ. ಜಲಪಾತದಿಂದ ಸರೋವರಕ್ಕೆ ಓಡುವ ಗಡಿಬಿಡಿಯಲ್ಲಿ ಅದನ್ನು ಕಿಟಕಿಯಿಂದ ತೋರಿಸಿ ಮುಂದೆ ಹೋಗುವವರೂ ಇದ್ದಾರಂತೆ. ಅರ್ಧ ಗಂಟೆಯಾದರೂ ಇಳಿಸಿ ಎಂದು ಮೊದಲೇ ಒಪ್ಪಿಸಿಕೊಳ್ಳಿ.